ಎತ್ತರದ ಮದ್ದು, ನೆತ್ತರ ದಾರಿ

ಹೆರಿಗೆಯಾಗಿ ಮೂರು ದಿನ ಕಳೆದರೂ ಬಾಳಂತಿಯ ಎದೆಯಲ್ಲಿ ಹಾಲಿಳಿಯಲಿಲ್ಲವೆಂದರೆ ಕಾಳಿ ಮತ್ತು ಗಂಗಾವಳಿ ನದಿಗಳ ದಂಡೆಯ ಹಳ್ಳಿಗಳಲ್ಲಿ ಮನೆಯ ಹಿರಿಯ ಹೆಂಗಸರು ದೃಷ್ಟಿ ತೆಗೆಯುತ್ತಿದ್ದರು, ಮೆಂತ್ಯ ಬೆಳ್ಳುಳ್ಳಿ ತಿನ್ನಿಸುತ್ತಿದ್ದರು, ಹರಕೆ ಹೊರುತ್ತಿದ್ದರು. ಹಾಲು ಬಾರದಿರುವುದಕ್ಕೆ ಕಾರಣಗಳು ಹಲವು, ಹೆಚ್ಚಿನವು ಸಣ್ಣವು, ವಾರದೊಳಗೆ ಸರಿಹೋಗುವಂಥವು. ಆದರೆ ಹೆರಿಗೆಯಲ್ಲಿ ವಿಪರೀತ ನೆತ್ತರು ಹೋಗಿ ಸಾವಿನ ಬಾಗಿಲಿನಿಂದ ಮರಳಿದ ಕೆಲವರ ಕತೆ ಬೇರೆಯೇ ಆಗಿರುತ್ತಿತ್ತು. ಅವರಿಗೆ ಹಾಲು ಬರಲೇ ಇಲ್ಲ. ಮುಂದೆ ಮುಟ್ಟೂ ಮರಳಲಿಲ್ಲ. ಕಂಕುಳ ಕೂದಲು ಉದುರಿತು, ವೈಶಾಖದ ಸೆಕೆಯಲ್ಲೂ ಚಳಿಯೆನಿಸಿತು, ನಲವತ್ತಕ್ಕೇ ಮುಖ ಸುಕ್ಕಾಯಿತು, ಗದ್ದೆಯ ಅಂಚಿನವರೆಗೆ ನಡೆಯುವುದೂ ಭಾರವಾಯಿತು. ಬಾಳಂತನ ಸರಿಯಾಗಲಿಲ್ಲ ಎಂಬ ಮಾತಿನಲ್ಲಿ ಊರು ಆ ಬದುಕನ್ನು ಮುಗಿಸಿಬಿಡುತ್ತಿತ್ತು.

ಬೆಳವಣಿಗೆ ಹಾರ್ಮೋನಿನ ಇತಿಹಾಸವನ್ನು ಇಂಥ ಹೆಂಗಸಿನಿಂದ ಶುರುಮಾಡಬೇಕು ಎಂಬುದು ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಅದನ್ನು ಕುಳ್ಳಗಿನ ಮಕ್ಕಳನ್ನು ಎತ್ತರ ಮಾಡುವ ಚುಚ್ಚುಮದ್ದಿನ ಕತೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ, ಆದರೆ ಅರ್ಧ. ಉಳಿದರ್ಧ ದೊಡ್ಡವರದು. ಎತ್ತರದ ಪ್ರಶ್ನೆಯೇ ಮುಗಿದುಹೋದ ವಯಸ್ಸಿನಲ್ಲಿ ಆ ಹಾರ್ಮೋನು ಇಲ್ಲವಾದಾಗ ಸದ್ದಿಲ್ಲದೆ ಹಾಳಾಗುವ ರಕ್ತನಾಳಗಳದು.

ಆ ಬಾಳಂತಿಯ ರೋಗವನ್ನು 1937ರಲ್ಲಿ ಬಿಡಿಸಿ ಹೇಳಿದವನು ಹೆರಾಲ್ಡ್ ಶೀಹನ್. ಗ್ಲಾಸ್ಗೋದ ಹೆರಿಗೆ ಆಸ್ಪತ್ರೆಯಲ್ಲಿ ಸತ್ತ ತಾಯಂದಿರ ಶವಪರೀಕ್ಷೆ ಮಾಡುತ್ತಿದ್ದ ರೋಗಶಾಸ್ತ್ರಜ್ಞ. ಮಿದುಳಿನ ಬುಡದಲ್ಲಿ, ತಲೆಬುರುಡೆಯ ಒಂದು ಪುಟ್ಟ ಎಲುಬಿನ ಗುಳಿಯಲ್ಲಿ, ಬಟಾಣಿ ಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿ ಕೂತಿರುತ್ತದೆ. ತೂಕ ಅರ್ಧ ಗ್ರಾಮಿನ ಆಸುಪಾಸು. ಬಸಿರಿನಲ್ಲಿ ಹಾಲಿನ ಹಾರ್ಮೋನು ತಯಾರಿಸುವ ಕೋಶಗಳು ಹೆಚ್ಚಿ ಈ ಗ್ರಂಥಿ ಉಬ್ಬುತ್ತದೆ. ಅದಕ್ಕೆ ಹರಿದುಬರುವ ನೆತ್ತರಿನ ಒತ್ತಡವೋ ಮೊದಲೇ ಕಡಿಮೆ. ಹೆರಿಗೆಯಲ್ಲಿ ತಾಯಿಯ ರಕ್ತದೊತ್ತಡ ಕುಸಿದರೆ ಉಬ್ಬಿದ ಗ್ರಂಥಿಗೆ ನೆತ್ತರು ಸಾಲದೆ ಅದರ ಮುಂಭಾಗ ಸತ್ತುಹೋಗುತ್ತದೆ. ಥೈರಾಯ್ಡ್, ಅಡ್ರಿನಲ್, ಅಂಡಾಶಯಗಳಿಗೆ ಆಜ್ಞೆ ಹೋಗುವುದು ಇಲ್ಲಿಂದಲೇ ಆದ್ದರಿಂದ ಅವೂ ಒಂದೊಂದಾಗಿ ಸುಮ್ಮನಾಗುತ್ತವೆ. ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ನಿಲ್ಲುವವು ಎರಡು: ಹಾಲಿನ ಹಾರ್ಮೋನು ಮತ್ತು ಬೆಳವಣಿಗೆ ಹಾರ್ಮೋನು. ಮೊದಲನೆಯದು ಹೋದದ್ದು ಮನೆಮಂದಿಗೆಲ್ಲ ಕಾಣುತ್ತದೆ. ಎರಡನೆಯದು ಹೋದದ್ದು ಯಾರಿಗೂ ಕಾಣುವುದಿಲ್ಲ, ಏಕೆಂದರೆ ಬೆಳೆದ ಹೆಂಗಸು ಇನ್ನು ಎತ್ತರವಾಗಬೇಕೆಂದು ಯಾರೂ ಕಾಯುತ್ತಿರುವುದಿಲ್ಲ.

ಆ ಹೊತ್ತಿಗಾಗಲೇ ಬೆಳವಣಿಗೆ ಹಾರ್ಮೋನಿನ ಬೆನ್ನುಹತ್ತಿದವರಿದ್ದರು. 1921ರಲ್ಲಿ ಕ್ಯಾಲಿಫೋರ್ನಿಯಾದ ಹರ್ಬರ್ಟ್ ಇವಾನ್ಸ್ ಮತ್ತು ಜೋಸೆಫ್ ಲಾಂಗ್ ದನದ ಪಿಟ್ಯುಟರಿಯ ಸಾರವನ್ನು ಇಲಿಗಳಿಗೆ ಚುಚ್ಚಿ ಅವನ್ನು ದೈತ್ಯಗಾತ್ರಕ್ಕೆ ಬೆಳೆಸಿದ್ದರು. 1944ರಲ್ಲಿ ಇವಾನ್ಸ್ ಜೊತೆ ಸೇರಿ ಚೀನಾ ಮೂಲದ ಚೋ ಹಾವ್ ಲೀ ಆ ಹಾರ್ಮೋನನ್ನು ದನದ ಗ್ರಂಥಿಯಿಂದ ಬೇರ್ಪಡಿಸಿದ. ಇನ್ಸುಲಿನ್ ವಿಷಯದಲ್ಲಿ ದನ ಮತ್ತು ಹಂದಿಯದು ಮನುಷ್ಯನಿಗೂ ನಡೆದಿತ್ತು. ಇದೂ ನಡೆಯುತ್ತದೆಂದು ನಂಬಿ ಮಕ್ಕಳಿಗೆ ಚುಚ್ಚಿದರು. ಒಂದು ಮಗುವೂ ಬೆಳೆಯಲಿಲ್ಲ. ಮನುಷ್ಯನಿಗೆ ಮನುಷ್ಯನದೇ ಅಥವಾ ಮಂಗನದೇ ಹಾರ್ಮೋನು ಬೇಕು ಎಂಬುದು ತಿಳಿಯಲು ಮತ್ತೆ ಹನ್ನೆರಡು ವರ್ಷ ಹಿಡಿಯಿತು. ಲೀ ಮತ್ತು ಪ್ಯಾಪ್ಕಾಫ್ ಮನುಷ್ಯನ ಬೆಳವಣಿಗೆ ಹಾರ್ಮೋನನ್ನು ಬೇರ್ಪಡಿಸಿದ್ದು 1956ರಲ್ಲಿ.

ಈ ಕತೆಯಲ್ಲಿ ಕನ್ನಡನಾಡಿನ ಒಂದು ಹೆಸರೂ ಇದೆ, ನಮ್ಮವರು ಅದನ್ನು ಹೆಚ್ಚು ನೆನೆದಿಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂತಾನೋತ್ಪತ್ತಿಯ ಹಾರ್ಮೋನುಗಳ ಅಧ್ಯಯನಕ್ಕೆ ದೊಡ್ಡ ನೆಲೆ ಕಟ್ಟಿದ ಎನ್. ಆರ್. ಮೌದ್ಗಲ್ ಎಳೆಯ ವಿಜ್ಞಾನಿಯಾಗಿ ಲೀಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರು. ದನ, ಕುರಿಗಳ ಬೆಳವಣಿಗೆ ಹಾರ್ಮೋನನ್ನು ಪ್ರತಿಕಾಯಗಳ ಮೂಲಕ ಹೋಲಿಸಿ ನೋಡಿದ ಅವರಿಬ್ಬರ ಬರಹ 1961ರಲ್ಲಿ ಪ್ರಕಟವಾಯಿತು. ಒಂದು ಪ್ರಾಣಿಯ ಹಾರ್ಮೋನು ಇನ್ನೊಂದರದಕ್ಕಿಂತ ಎಲ್ಲಿ ಬೇರೆ, ಎಲ್ಲಿ ಒಂದೇ ಎಂಬ ಪ್ರಶ್ನೆಯ ಮೇಲೇ ಆಗ ಇಡೀ ಚಿಕಿತ್ಸೆ ನಿಂತಿತ್ತು.

ಚಿಕಿತ್ಸೆಯನ್ನು ಸಾಧ್ಯ ಮಾಡಿದವನು ಬಾಸ್ಟನ್ನಿನ ಮಾರಿಸ್ ರಾಬೆನ್, ಟಫ್ಟ್ಸ್ ವಿಶ್ವವಿದ್ಯಾಲಯದ ವೈದ್ಯ. ಶವಗಳಿಂದ ತೆಗೆದ ಪಿಟ್ಯುಟರಿಗಳನ್ನು ಗಾಢ ಅಸಿಟಿಕ್ ಆಮ್ಲದಲ್ಲಿ ಸಂಸ್ಕರಿಸಿ ಚುಚ್ಚುಮದ್ದು ತಯಾರಿಸುವ ವಿಧಾನವನ್ನು ಅವನು ಕಂಡುಕೊಂಡ. ಪಿಟ್ಯುಟರಿ ಕೊರತೆಯಿಂದ ಬೆಳವಣಿಗೆ ನಿಂತಿದ್ದ 17 ವರ್ಷದ ಹುಡುಗನೊಬ್ಬ ಅದರಿಂದ ಮತ್ತೆ ಬೆಳೆಯತೊಡಗಿದ್ದನ್ನು 1958ರಲ್ಲಿ ವರದಿ ಮಾಡಿದ. ಒಂದು ಮಗುವಿನ ಒಂದು ವರ್ಷದ ಮದ್ದಿಗೆ ಹತ್ತಾರು ಹೆಣಗಳ ಗ್ರಂಥಿ ಬೇಕಿತ್ತು. ಅಮೆರಿಕ ಸರ್ಕಾರ ಅದಕ್ಕೆಂದೇ ಒಂದು ಪಿಟ್ಯುಟರಿ ಸಂಸ್ಥೆ ಕಟ್ಟಿ ಶವಾಗಾರಗಳಿಂದ ಗ್ರಂಥಿ ಸಂಗ್ರಹಿಸಿತು. ಬ್ರಿಟನ್, ಫ್ರಾನ್ಸ್‌ಗಳೂ ಅದೇ ದಾರಿ ಹಿಡಿದವು. ಮದ್ದು ಇಷ್ಟು ದುರ್ಲಭವಾಗಿದ್ದಾಗ ದೊಡ್ಡವರಿಗೆ ಕೊಡುವ ಮಾತೇ ಇರಲಿಲ್ಲ.

ಆದರೂ ರಾಬೆನ್ ಒಮ್ಮೆ ಕೊಟ್ಟು ನೋಡಿದ. 1962ರ ತನ್ನ ಬರಹದಲ್ಲಿ ಅವನು 35 ವರ್ಷದ ಒಬ್ಬ ಹೆಂಗಸಿನ ಪ್ರಸ್ತಾಪ ಮಾಡುತ್ತಾನೆ. ಪಿಟ್ಯುಟರಿ ಕೆಟ್ಟಿದ್ದ ಆಕೆಗೆ ಉಳಿದ ಹಾರ್ಮೋನುಗಳನ್ನೆಲ್ಲ ಕೊಡುತ್ತಿದ್ದರೂ ಏನೋ ಕೊರತೆ ಉಳಿದಿತ್ತು. ಬೆಳವಣಿಗೆ ಹಾರ್ಮೋನು ಶುರುಮಾಡಿ ಎರಡು ತಿಂಗಳಿಗೆ ಹುರುಪು ಹೆಚ್ಚಿತು, ಕೆಲಸದ ಉತ್ಸಾಹ ಬಂತು, ತಾನು ಚೆನ್ನಾಗಿದ್ದೇನೆ ಎಂಬ ಭಾವ ಮರಳಿತು ಎಂದು ಆಕೆ ಹೇಳಿದಳು. ಆ ಟಿಪ್ಪಣಿ ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಾಗೆಯೇ ಬಿದ್ದಿತ್ತು. ಶೀಹನ್ ಹೇಳಿದ ರೋಗದಿಂದ ನರಳುತ್ತಿದ್ದ ಲೋಕದ ಎಲ್ಲ ತಾಯಂದಿರ ಪಾಲಿಗೆ ಅದು ಮೊದಲ ಸುಳಿವಾಗಿತ್ತು. ಅದನ್ನು ಹಿಡಿದು ಮುಂದೆ ಹೋಗಲು ಬೇಕಾದಷ್ಟು ಮದ್ದು ಮಾತ್ರ ಆಗ ಯಾರ ಬಳಿಯೂ ಇರಲಿಲ್ಲ.

1985ರ ಫೆಬ್ರವರಿಯಲ್ಲಿ ಸ್ಟ್ಯಾನ್‌ಫರ್ಡಿನ ಮಕ್ಕಳ ವೈದ್ಯ ರೇಮಂಡ್ ಹಿಂಟ್ಜ್ ಸರ್ಕಾರಕ್ಕೊಂದು ಎಚ್ಚರಿಕೆ ಕೊಟ್ಟ. ಬಾಲ್ಯದಲ್ಲಿ ವರ್ಷಗಟ್ಟಲೆ ಈ ಚುಚ್ಚುಮದ್ದು ಪಡೆದಿದ್ದ ಅವನ ಒಬ್ಬ ರೋಗಿ ಇಪ್ಪತ್ತರ ಪ್ರಾಯದಲ್ಲಿ ಮಾತು ತೊದಲಿ, ನಡಿಗೆ ತಪ್ಪಿ ತೀರಿಕೊಂಡಿದ್ದ. ಅದು ಕ್ರೂಟ್ಸ್‌ಫೆಲ್ಟ್–ಯಾಕೊಬ್ ರೋಗ, ಮಿದುಳನ್ನು ಸ್ಪಂಜಿನಂತೆ ತೂತು ಮಾಡುವ ಕಾಯಿಲೆ, ಸಾಮಾನ್ಯವಾಗಿ ಮುದುಕರಿಗೆ ಬರುವಂಥದು. ಹುಡುಗನಿಗೆ ಹೇಗೆ ಬಂತು ಎಂದು ಹುಡುಕಿದಾಗ ಬೆರಳು ಹೋದದ್ದು ಹೆಣಗಳ ಗ್ರಂಥಿಯ ಕಡೆಗೆ. ಆ ರೋಗವಿದ್ದು ಸತ್ತವರ ಪಿಟ್ಯುಟರಿಯೂ ಸಾವಿರಾರು ಗ್ರಂಥಿಗಳ ರಾಶಿಯಲ್ಲಿ ಸೇರಿಹೋಗಿತ್ತು. ಏಪ್ರಿಲ್ ತಿಂಗಳಲ್ಲಿ ಅಮೆರಿಕದಲ್ಲಿ ಹಂಚಿಕೆ ನಿಂತಿತು. ಅಷ್ಟರಲ್ಲಿ ಅಲ್ಲಿ ಸುಮಾರು 7,700 ಮಕ್ಕಳು ಆ ಮದ್ದು ಪಡೆದಿದ್ದರು. ಫ್ರಾನ್ಸ್‌ನಲ್ಲಿ ನೂರಕ್ಕೂ ಹೆಚ್ಚು ಎಳೆಯರು ಇದರಿಂದ ಸತ್ತರು. ಚುಚ್ಚುಮದ್ದು ಪಡೆದು ಮೂವತ್ತು ವರ್ಷ ಕಳೆದ ಮೇಲೂ ರೋಗ ತಲೆಯೆತ್ತಿದ ಉದಾಹರಣೆಗಳಿವೆ. ಮಗ ನಾಲ್ಕಂಗುಲ ಎತ್ತರವಾಗಲಿ ಎಂದು ಸೂಜಿ ಹಿಡಿದ ಅಪ್ಪ ಅಮ್ಮಂದಿರು ಆಮೇಲೆ ಕಳೆದ ವರ್ಷಗಳನ್ನು ನೆನೆದರೆ ಎದೆ ಹಿಂಡುತ್ತದೆ.

ಅದೇ ವರ್ಷ ಅಕ್ಟೋಬರಿನಲ್ಲಿ ಜೆನೆನ್‌ಟೆಕ್ ಕಂಪನಿ ಬ್ಯಾಕ್ಟೀರಿಯಾದಲ್ಲಿ ಬೆಳೆಸಿದ ಹಾರ್ಮೋನಿಗೆ ಅನುಮತಿ ಸಿಕ್ಕಿತು. ಇನ್ನು ಹೆಣ ಬೇಕಿರಲಿಲ್ಲ. ಬೇಕಾದಷ್ಟು ಮದ್ದು ತಯಾರಿಸಬಹುದಿತ್ತು. ಆಗಲೇ ದೊಡ್ಡವರ ಸರದಿ ಬಂದದ್ದು. 1989ರಲ್ಲಿ ಡೆನ್ಮಾರ್ಕ್ ಮತ್ತು ಲಂಡನ್ನಿನ ಎರಡು ತಂಡಗಳು ಪಿಟ್ಯುಟರಿ ಕೆಟ್ಟ ವಯಸ್ಕರಿಗೆ ಅದನ್ನು ಕೊಟ್ಟು ನೋಡಿದವು. ಕೊಬ್ಬು ಇಳಿಯಿತು, ಸ್ನಾಯು ಹೆಚ್ಚಿತು. ರಾಬೆನ್ನನ ಆ ಹೆಂಗಸು ಹೇಳಿದ್ದು ಅವಳೊಬ್ಬಳ ಭಾವನೆಯಾಗಿರಲಿಲ್ಲ.

1990ರಲ್ಲಿ ಎರಡು ಬರಹಗಳು ಬಂದವು. ಜುಲೈನಲ್ಲಿ ಅಮೆರಿಕದ ಡೇನಿಯಲ್ ರುಡ್‌ಮನ್ ಅರವತ್ತು ದಾಟಿದ ಹನ್ನೆರಡು ಆರೋಗ್ಯವಂತ ಗಂಡಸರಿಗೆ ಆರು ತಿಂಗಳು ಹಾರ್ಮೋನು ಕೊಟ್ಟು, ಅವರ ಸ್ನಾಯು ಹೆಚ್ಚಿ ಕೊಬ್ಬು ಇಳಿದದ್ದನ್ನು ತೋರಿಸಿದ. ಅದನ್ನು ಹಿಡಿದು ಮುಪ್ಪು ತಡೆಯುವ ಮದ್ದಿನ ದೊಡ್ಡ ಮಾರುಕಟ್ಟೆಯೇ ಎದ್ದಿತು, ಇಂದಿಗೂ ಇದೆ. ಆಗಸ್ಟಿನಲ್ಲಿ ಸ್ವೀಡನ್ನಿನ ರೋಸೆನ್ ಮತ್ತು ಬೆಂಗ್ಟ್‌ಸನ್ ಬರೆದದ್ದನ್ನು ಓದಿದವರು ಸ್ವಲ್ಪ ಜನ. ಪಿಟ್ಯುಟರಿ ಕೆಟ್ಟ 333 ರೋಗಿಗಳನ್ನು ಅವರು ದಶಕಗಳ ದಾಖಲೆಯಲ್ಲಿ ಹಿಂಬಾಲಿಸಿದ್ದರು. ಆ ವಯಸ್ಸಿನ ಸಾಮಾನ್ಯ ಜನರ ಲೆಕ್ಕದಲ್ಲಿ 57 ಸಾವು ಆಗಬೇಕಾಗಿದ್ದಲ್ಲಿ 104 ಸಾವು ಆಗಿತ್ತು. ರಕ್ತನಾಳದ ಕಾಯಿಲೆಗಳಿಂದಲೇ 60 ಮಂದಿ ಸತ್ತಿದ್ದರು, ನಿರೀಕ್ಷೆಯಿದ್ದದ್ದು 31. ಕಾರ್ಟಿಸಾಲ್, ಥೈರಾಯ್ಡ್ ಮಾತ್ರೆಗಳು ಅವರಿಗೆ ಸಿಕ್ಕಿದ್ದವು, ಸಿಗದೇ ಉಳಿದದ್ದು ಬೆಳವಣಿಗೆ ಹಾರ್ಮೋನು. ಅದೊಂದೇ ಕಾರಣವೆಂದು ಸಾಬೀತಾಗಲಿಲ್ಲ. ಮಾತ್ರೆಗಳ ಪ್ರಮಾಣ, ವಿಕಿರಣ ಚಿಕಿತ್ಸೆ ಇವುಗಳ ಮೇಲೂ ಸಂಶಯ ಉಳಿಯಿತು. ಆದರೂ ನನ್ನ ಕಣ್ಣಿಗೆ ಆ ವರ್ಷದ ದೊಡ್ಡ ಸುದ್ದಿ ಸ್ವೀಡನ್ನಿನದು. ಹಣ ಇನ್ನೊಂದರ ಹಿಂದೆ ಹೋಯಿತು.

ಹಾರ್ಮೋನು ಕಡಿಮೆಯಾದರೆ ನೆತ್ತರ ನಾಳ ಏಕೆ ಕೆಡಬೇಕು? ಒಂದಿಷ್ಟು ಉತ್ತರ ಬೇಗ ಸಿಕ್ಕಿತು. ಹೊಟ್ಟೆಯ ಸುತ್ತ ಕೊಬ್ಬು ತುಂಬುತ್ತದೆ, ಕೆಟ್ಟ ಕೊಲೆಸ್ಟ್ರಾಲ್ ಏರುತ್ತದೆ, ಕುತ್ತಿಗೆಯ ದೊಡ್ಡ ರಕ್ತನಾಳದ ಗೋಡೆ ದಪ್ಪಗಾಗುತ್ತದೆ. ಹಾರ್ಮೋನು ಕೊಟ್ಟರೆ ಆ ದಪ್ಪ ಇಳಿಯುತ್ತದೆಂದು 1999ರಲ್ಲಿ ಒಂದು ಸಣ್ಣ ಅಧ್ಯಯನ ತೋರಿಸಿತು. ಆದರೆ ಹಾಳಾದದ್ದನ್ನು ರಿಪೇರಿ ಮಾಡುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ಬೇರೆ ದಿಕ್ಕಿನಿಂದ, ಅದೂ ಬಾಸ್ಟನ್ನಿನಿಂದಲೇ.

ರಾಬೆನ್ ದುಡಿದ ಟಫ್ಟ್ಸ್ ವಿಶ್ವವಿದ್ಯಾಲಯದೊಡನೆಯೇ ಸೇರಿದ್ದ ಸೇಂಟ್ ಎಲಿಜಬೆತ್ ಆಸ್ಪತ್ರೆಯಲ್ಲಿ ಜೆಫ್ರಿ ಇಸ್ನರ್ ಎಂಬ ಹೃದಯತಜ್ಞನಿದ್ದ. ಕಾಲಿನ ನಾಳ ಕಟ್ಟಿ ಹುಣ್ಣಾಗಿ, ಕಾಲು ಕತ್ತರಿಸುವುದೊಂದೇ ದಾರಿ ಎನಿಸಿದ ರೋಗಿಗಳಲ್ಲಿ ಹೊಸ ನಾಳ ಹುಟ್ಟಿಸಬಹುದೇ ಎಂಬುದು ಅವನ ಹಂಬಲ. ಅವನ ಜೊತೆ ಜಪಾನಿನಿಂದ ಬಂದ ತಕಾಯುಕಿ ಅಸಹಾರಾ ಕೆಲಸ ಮಾಡುತ್ತಿದ್ದ. ನಮ್ಮ ಪ್ರತಿ ರಕ್ತನಾಳದ ಒಳಮೈಗೂ ಒಂದೇ ಒಂದು ಕೋಶದಷ್ಟು ದಪ್ಪದ ಪದರವಿದೆ. ಹೊಗೆಸೊಪ್ಪು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಮೊದಲು ಗಾಯ ಮಾಡುವುದು ಇದಕ್ಕೆ. ಈ ಪದರ ಅಕ್ಕಪಕ್ಕದ ಕೋಶಗಳಿಂದಲೇ ದುರಸ್ತಿಯಾಗುತ್ತದೆ, ಹುಟ್ಟಿದ ಮೇಲೆ ಹೊಸದಾಗಿ ಎಲ್ಲಿಂದಲೂ ಬರುವುದಿಲ್ಲ ಎಂಬುದು ಅಲ್ಲಿಯವರೆಗಿನ ನಂಬಿಕೆ. 1997ರ ಫೆಬ್ರವರಿಯಲ್ಲಿ ಅಸಹಾರಾ, ಇಸ್ನರ್ ಮತ್ತವರ ಗೆಳೆಯರು ವಯಸ್ಕರ ನೆತ್ತರಿನಲ್ಲೇ ಅಲೆಯುವ ಕೆಲವು ಕೋಶಗಳನ್ನು ತೋರಿಸಿದರು. ಎಲುಬಿನ ಮಜ್ಜೆಯಿಂದ ಹೊರಟು, ಗಾಯವಾದ ನಾಳದ ಬಳಿ ಹೋಗಿ, ಒಳಪದರದ ಲಕ್ಷಣಗಳನ್ನು ತಾಳುವಂಥವು. ಇಸ್ನರ್ 2001ರಲ್ಲಿ ಹೃದಯಾಘಾತದಿಂದಲೇ ತೀರಿಕೊಂಡ. ಆದರೆ ಅವರು ತೆರೆದ ದಾರಿಯಲ್ಲಿ ಸಾವಿರಾರು ಮಂದಿ ನಡೆದರು. ಹೃದ್ರೋಗದ ಅಪಾಯ ಹೆಚ್ಚಿದ್ದವರಲ್ಲಿ ಈ ಕೋಶಗಳು ಕಡಿಮೆ ಎಂದು 2003ರಲ್ಲಿ, ಕಡಿಮೆ ಇದ್ದವರಿಗೆ ಮುಂದೆ ಹೃದಯದ ತೊಂದರೆ ಹೆಚ್ಚು ಎಂದು 2005ರಲ್ಲಿ 519 ರೋಗಿಗಳ ಅಧ್ಯಯನದಲ್ಲಿ ಕಂಡುಬಂತು.

ಬೆಳವಣಿಗೆ ಹಾರ್ಮೋನೂ ಈ ಅಲೆಮಾರಿ ಕೋಶಗಳೂ ಒಂದೆಡೆ ಸೇರಿದ್ದು 2007ರಲ್ಲಿ, ಜರ್ಮನಿಯ ಥಾಮಸ್ ಥುಮ್ ಮತ್ತು ಯೋಹಾನ್ ಬಾವರ್‌ಸಾಕ್ಸ್ ತಂಡದ ಕೈಯಲ್ಲಿ. ವಯಸ್ಸಾದಂತೆ ಈ ಕೋಶಗಳ ಸಂಖ್ಯೆಯಷ್ಟೇ ಅಲ್ಲ, ಚಲನೆಯೂ ಕುಗ್ಗುತ್ತದೆ. ನಡುವಯಸ್ಸಿನ ಆರೋಗ್ಯವಂತರಿಗೆ ಹತ್ತು ದಿನ ಹಾರ್ಮೋನು ಕೊಟ್ಟಾಗ ಎರಡೂ ಸುಧಾರಿಸಿದವು. ಹಾರ್ಮೋನು ನೇರವಾಗಿ ಮಾಡಿದ ಕೆಲಸವಲ್ಲ ಅದು. ಅದರ ಮಾತು ಕೇಳಿ ಮುಖ್ಯವಾಗಿ ಯಕೃತ್ತು ಐಜಿಎಫ್-1 ಎಂಬ ಇನ್ನೊಂದು ವಸ್ತುವನ್ನು ನೆತ್ತರಿಗೆ ಬಿಡುತ್ತದೆ. ಆ ಐಜಿಎಫ್-1 ಕೋಶಗಳಲ್ಲಿ ನೈಟ್ರಿಕ್ ಆಕ್ಸೈಡ್ ತಯಾರಿಕೆಯನ್ನು ಎಬ್ಬಿಸುತ್ತದೆ. ನಾಳವನ್ನು ಸಡಿಲಿಸುವ, ಮಜ್ಜೆಯಿಂದ ಕೋಶಗಳನ್ನು ಹೊರಡಿಸುವ ಅನಿಲ ಅದು.

ಇಷ್ಟು ಓದಿ ಚುಚ್ಚುಮದ್ದಿಗೆ ಓಡಬೇಕಾಗಿಲ್ಲ. ಅದೇ 2007ರಲ್ಲಿ ಮರ್ವಿನ್ ಯೋಡರ್ ಮತ್ತಿತರರು, ತಟ್ಟೆಯಲ್ಲಿ ಬೆಳೆಸಿ ಎಣಿಸುತ್ತಿದ್ದ ಈ ಕೋಶಗಳಲ್ಲಿ ಬಹುಪಾಲು ನಿಜಕ್ಕೂ ನಾಳದ ಪದರವಾಗುವಂಥವಲ್ಲ, ಬಿಳಿರಕ್ತಕಣಗಳ ಬಳಗದವು ಎಂದು ತೋರಿಸಿದರು. ಅವು ತಾವೇ ಗೋಡೆಯಾಗದೆ, ಗೋಡೆ ಕಟ್ಟುವವರಿಗೆ ಬೇಕಾದ ರಾಸಾಯನಿಕಗಳನ್ನು ಸುರಿಸುತ್ತವೆ. ಸ್ವತಃ ಪದರವಾಗಬಲ್ಲ ಕೋಶಗಳೂ ನೆತ್ತರಿನಲ್ಲಿವೆ, ತೀರ ವಿರಳ. ಬೆಳವಣಿಗೆ ಹಾರ್ಮೋನು ಅತಿಯಾದರೆ ಆಗುವುದೇನು ಎಂಬುದನ್ನು ಪಿಯರ್ ಮಾರಿ 1886ರಲ್ಲೇ ಹೆಸರಿಟ್ಟು ಹೇಳಿದ್ದ ಆಕ್ರೊಮೆಗಲಿ ರೋಗ ತೋರಿಸುತ್ತದೆ: ಕೈಕಾಲು ದವಡೆ ದಪ್ಪಗಾಗುತ್ತವೆ, ಸಕ್ಕರೆ ಏರುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಬಾಲ್ಯದಲ್ಲಿ ಹಾರ್ಮೋನು ಪಡೆದ ಫ್ರಾನ್ಸಿನ ತರುಣರಲ್ಲಿ ಮಿದುಳಿನ ರಕ್ತಸ್ರಾವದ ಸಾವು ಹೆಚ್ಚೆಂದು 2012ರಲ್ಲಿ ಒಂದು ವರದಿ ಬಂತು. ಸ್ವೀಡನ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್‌ನ ದಾಖಲೆಗಳಲ್ಲಿ ಅದು ಕಾಣಲಿಲ್ಲ. ಕೊರತೆ ಇದ್ದವರಿಗೆ ಅಳತೆಯಲ್ಲಿ ಕೊಡುವುದು ಒಂದು, ಜಿಮ್ಮಿನಲ್ಲಿ ಮೈ ಹುರಿಗೊಳಿಸಲು ಚುಚ್ಚಿಕೊಳ್ಳುವುದು ಇನ್ನೊಂದು. ಎರಡನೆಯದನ್ನು ಯಾವ ಅಧ್ಯಯನವೂ ಬೆಂಬಲಿಸುವುದಿಲ್ಲ.

ಕೊರತೆ ಇರುವವರು ನಮ್ಮ ಕರಾವಳಿಯಲ್ಲಿ ಯಾರು? ಹೆರಿಗೆಯ ರಕ್ತಸ್ರಾವ ಒಂದು ಕಾರಣವೆಂದು ಹೇಳಿದೆ. ಕಾಶ್ಮೀರದಲ್ಲಿ ಝರ್ಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ ಹೆತ್ತ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಶೀಹನ್ ರೋಗವಿತ್ತು, ಅವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಮನೆಯಲ್ಲೇ ಹೆತ್ತವರು. ನಮ್ಮಲ್ಲಿ 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಬಂದ ಮೇಲೆ, ತಾಯಿ ಕಾರ್ಡು, ಆಶಾ ಕಾರ್ಯಕರ್ತೆಯರು ಬಂದ ಮೇಲೆ ಮನೆ ಹೆರಿಗೆ ತೀರ ಅಪರೂಪವಾಗಿದೆ. ಮಗು ಹೊರಬಂದ ಕೂಡಲೇ ನರ್ಸ್ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಬಿಗಿಮಾಡಿ ನೆತ್ತರು ನಿಲ್ಲಿಸುತ್ತದೆ. ಅದೂ ಪಿಟ್ಯುಟರಿಯ ಹಿಂಭಾಗದಿಂದ ಬರುವ ಹಾರ್ಮೋನೇ, 1953ರಿಂದ ಪ್ರಯೋಗಾಲಯದಲ್ಲಿ ತಯಾರಿಸಲು ಬಂದದ್ದು. ಒಂದೇ ಗ್ರಂಥಿಯ ಹಿಂಭಾಗದ ಸಾರ ಮುಂಭಾಗವನ್ನು ಕಾಯುತ್ತಿದೆ ಎಂದರೂ ತಪ್ಪಲ್ಲ. ಆದರೆ ಈ ಸವಲತ್ತು ಬರುವ ಮೊದಲು ಅಚವೆ, ಹಿಲ್ಲೂರು, ಕದ್ರಾ ಕಡೆಯ ಮನೆಗಳಲ್ಲಿ ಹೆತ್ತವರು ಈಗ ಐವತ್ತು ಅರವತ್ತರ ಅಂಚಿನಲ್ಲಿದ್ದಾರೆ, ಅಂದರೆ ರಕ್ತನಾಳದ ಕಾಯಿಲೆ ತಲೆಯೆತ್ತುವ ವಯಸ್ಸಿನಲ್ಲಿ.

ಇನ್ನೊಂದು ಕಾರಣ ಗದ್ದೆಯಂಚಿನಲ್ಲಿದೆ. ಕೊಳಕುಮಂಡಲ ಹಾವಿನ ವಿಷ ನೆತ್ತರು ಹೆಪ್ಪುಗಟ್ಟುವ ಏರ್ಪಾಡನ್ನೇ ಕೆಡಿಸುತ್ತದೆ, ನಾಳಗಳ ಒಳಪದರವನ್ನು ಸೋರುವಂತೆ ಮಾಡುತ್ತದೆ. ಆ ಗಲಿಬಿಲಿಯಲ್ಲಿ ಪಿಟ್ಯುಟರಿಯಲ್ಲಿ ರಕ್ತಸ್ರಾವವಾಗಿಯೋ ರಕ್ತ ಕಟ್ಟಿಯೋ ಗ್ರಂಥಿ ಸಾಯಬಹುದು. ಬರ್ಮಾದ ರೈತರಲ್ಲಿ ಇದನ್ನು ಕಂಡ ಟುನ್ ಪೆ, ಡೇವಿಡ್ ವಾರೆಲ್ ಮತ್ತಿತರರು 1987ರಲ್ಲಿ ವರದಿ ಮಾಡಿದರು: ಗಂಡಸರಲ್ಲೂ ಅಚ್ಚು ಶೀಹನ್ ರೋಗದ ಲಕ್ಷಣಗಳೇ. ಆಮೇಲೆ ದಕ್ಷಿಣ ಭಾರತದಿಂದಲೂ ಅಂಥ ವರದಿಗಳು ಬಂದವು. ಹಾವು ಕಡಿದು, ವಿಷಹಾರಿ ಚುಚ್ಚುಮದ್ದು ಪಡೆದು, ಡಯಾಲಿಸಿಸ್ ಮುಗಿಸಿ ಬದುಕಿ ಬಂದವನು ವರ್ಷಗಳ ನಂತರ ಗಡ್ಡ ಬೆಳೆಯದೆ, ಚಳಿ ತಡೆಯದೆ, ಸುಸ್ತಿನಿಂದ ಮೂಲೆಗೆ ಬೀಳುತ್ತಾನೆ. ಕರ್ನಾಟಕ 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಒಳ್ಳೆಯದು. ಕಡಿತದ ಲೆಕ್ಕ ಇನ್ನು ಸಿಗುತ್ತದೆ. ಕಡಿತದ ನಂತರದ ಬದುಕಿನ ಲೆಕ್ಕವೂ ಬೇಕು.

ನಾಳ ಕೆಟ್ಟದ್ದು ಕೊನೆಗೆ ಪಾರ್ಶ್ವವಾಯುವಾಗಿಯೂ ಕಾಣಿಸಿಕೊಳ್ಳಬಹುದು. ಅಂಕೋಲೆಯ ಬೆಳಂಬಾರಕ್ಕೆ ಪಾರ್ಶ್ವವಾಯು ಬಡಿದವರು ದೂರದೂರದಿಂದ ಬರುತ್ತಾರೆ. ಅಲ್ಲಿಯ ಹಾಲಕ್ಕಿ ನಾಟಿ ವೈದ್ಯರ ಮೇಲೆ ಜನರಿಗಿರುವ ನಂಬಿಕೆ ದೊಡ್ಡದು. ಒಬ್ಬ ರೋಗಿ ಪಾರ್ಶ್ವವಾಯುವಿನವರೆಗೆ ಬಂದನೆಂದರೆ ಅವನ ನಾಳಗಳ ಒಳಪದರ ಹತ್ತಾರು ವರ್ಷ ಸವೆದಿರುತ್ತದೆ. ಆ ಸವೆತವನ್ನು ಮೊದಲೇ ನೋಡುವ ವ್ಯವಸ್ಥೆ ಈ ಜಿಲ್ಲೆಯಲ್ಲಿ ತಡವಾಗಿ ಬಂತು. 1862ರಿಂದ ಜಿಲ್ಲಾ ಕೇಂದ್ರವಾಗಿರುವ ಕಾರವಾರಕ್ಕೆ ವೈದ್ಯಕೀಯ ಕಾಲೇಜು ಬಂದದ್ದು 2010ರ ದಶಕದಲ್ಲಿ. 1842ರಲ್ಲೇ ವೈದ್ಯಶಾಲೆ ತೆರೆದ ಗೋವಾ ಪಕ್ಕದಲ್ಲೇ ಇತ್ತು. ಮಣಿಪಾಲದಲ್ಲಿ 1953ರಲ್ಲಿ, ಹುಬ್ಬಳ್ಳಿಯಲ್ಲಿ 1957ರಲ್ಲಿ ಕಾಲೇಜುಗಳು ಶುರುವಾಗಿದ್ದವು. ಹೃದಯ, ನರ, ಹಾರ್ಮೋನುಗಳ ತೊಂದರೆಯೆಂದರೆ ನಮ್ಮವರು ಇಂದಿಗೂ ಈ ಮೂರು ದಿಕ್ಕಿಗೆ ಹೊರಡುತ್ತಾರೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್ ಗೇಟಿನಲ್ಲಿ ಉರುಳಿ ನಾಲ್ವರು ಸತ್ತಾಗ ಇಡೀ ಜಿಲ್ಲೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಎದ್ದು ನಿಂತಿತು. ಆ ಕೂಗು ನ್ಯಾಯವಾದದ್ದು. ಎರಡು ವರ್ಷದ ನಂತರ, 2024ರ ಜುಲೈ 16ರಂದು, ಅಂಕೋಲೆಯದೇ ಇನ್ನೊಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋದಾಗ ಆ ಬೇಡಿಕೆ ಎಷ್ಟು ತುರ್ತಿನದೆಂಬುದು ಮತ್ತೆ ಕಂಡಿತು.

ದೊಡ್ಡ ಆಸ್ಪತ್ರೆ ಬರುವವರೆಗೂ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಸದಾ ಸುಸ್ತು, ರಕ್ತದಲ್ಲಿ ಸೋಡಿಯಂ ಕಡಿಮೆ ಎಂದು ಪದೇಪದೇ ಅಡ್ಮಿಟ್ ಆಗುವ ಹೆಂಗಸನ್ನು ತಾಲೂಕು ಆಸ್ಪತ್ರೆಯ ವೈದ್ಯರು ಎರಡು ಮಾತು ಕೇಳಬಹುದು: ಕೊನೆಯ ಹೆರಿಗೆಯಲ್ಲಿ ಬಹಳ ನೆತ್ತರು ಹೋಗಿತ್ತೇ? ಆಮೇಲೆ ಹಾಲು ಬಂತೇ, ಮುಟ್ಟು ಮರಳಿತೇ? ಗಂಡಸಾದರೆ, ಯಾವಾಗಲಾದರೂ ಕೊಳಕುಮಂಡಲ ಕಡಿದಿತ್ತೇ? ಉತ್ತರ ಸಂಶಯ ಹುಟ್ಟಿಸಿದರೆ ಬೆಳಗಿನ ಕಾರ್ಟಿಸಾಲ್, ಥೈರಾಯ್ಡ್ ಪರೀಕ್ಷೆ, ಐಜಿಎಫ್-1ರ ಮಟ್ಟ ಇವಕ್ಕೆ ನೆತ್ತರು ಕಳಿಸಬಹುದು. ಬೆಳವಣಿಗೆ ಹಾರ್ಮೋನಿನ ಕೊರತೆಯನ್ನು ಖಚಿತಪಡಿಸಲು ಇನ್ಸುಲಿನ್ ಕೊಟ್ಟು ಸಕ್ಕರೆ ಇಳಿಸಿ ನೋಡುವ ಪರೀಕ್ಷೆಯನ್ನು ಮಾತ್ರ ತಜ್ಞರಿರುವಲ್ಲೇ ಮಾಡಬೇಕು. ಚಿಕಿತ್ಸೆಗೂ ಒಂದು ಕ್ರಮವಿದೆ. ಮೊದಲು ಹೈಡ್ರೊಕಾರ್ಟಿಸೋನ್ ಅಥವಾ ಪ್ರೆಡ್ನಿಸೋಲೋನ್ ಮಾತ್ರೆ, ಆಮೇಲೆ ಥೈರಾಕ್ಸಿನ್. ಈ ಕ್ರಮ ತಿರುವುಮುರುವಾದರೆ ಅಡ್ರಿನಲ್ ಕುಸಿದು ಜೀವಕ್ಕೇ ಅಪಾಯ. ಇವೆರಡೂ ದುಬಾರಿಯಲ್ಲದ ಮಾತ್ರೆಗಳು, ನಮ್ಮ ಔಷಧಿ ಅಂಗಡಿಗಳಲ್ಲೇ ಸಿಗುವಂಥವು. ಬೆಲೆ ಹೆಚ್ಚಿರುವ, ಬಹಳ ಮಂದಿಯ ಕೈಗೆ ಇನ್ನೂ ನಿಲುಕದ ಬೆಳವಣಿಗೆ ಹಾರ್ಮೋನಿನ ಪ್ರಶ್ನೆ ಬರುವುದು ಇವೆರಡನ್ನು ಸರಿಯಾಗಿ ಕೊಟ್ಟ ಮೇಲೆ.